ಬಾಟಲಿಯಲ್ಲಿ ಬಂದ ಹುಳು, ಸ್ಲೈಡಿನಲ್ಲಿ ಸಿಕ್ಕ ಹುಳು: ಪೀಣ್ಯದ ಒಂದು ಪ್ರಕರಣ

ರೋಗಿಗೆ 34 ವರ್ಷ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಗಂಡ ಆಟೋ ಓಡಿಸುತ್ತಾರೆ. ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಅತ್ತೆ. ಮನೆ ಒಂದು ವಠಾರದ ನೆಲಮಹಡಿಯಲ್ಲಿದೆ. ಪಕ್ಕದಲ್ಲಿ ಖಾಲಿ ಸೈಟು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬಿಟ್ಟಿದ್ದೇನೆ.

ಕೆಲವು ತಿಂಗಳಿಂದ ಅವರಿಗೆ ವಿಪರೀತ ಸುಸ್ತು. ಫ್ಯಾಕ್ಟರಿಯ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಲೈನಿನಲ್ಲಿ ಕೂತಿದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು. ಹಸಿ ಅಕ್ಕಿ ತಿನ್ನುವ ಆಸೆ ಜಾಸ್ತಿಯಾಗಿತ್ತು. ಇದನ್ನು ಅವರು ತಾವಾಗಿ ಹೇಳಲಿಲ್ಲ, ಕೇಳಿದ ಮೇಲೆ ನಾಚಿಕೊಂಡು ಹೇಳಿದರು. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಅಕ್ಕಿ, ಸುಣ್ಣ, ಮಣ್ಣು ತಿನ್ನುವ ಆಸೆ ಹುಟ್ಟುವುದು ವೈದ್ಯರಿಗೆ ಗೊತ್ತಿರುವ ವಿಷಯ. ಅದನ್ನು ಕೆಟ್ಟ ಚಾಳಿ ಎಂದು ಬೈಯುವವರೇ ಹೆಚ್ಚು.

ಅವರನ್ನು ನೋಡುತ್ತಿದ್ದ ಫ್ಯಾಮಿಲಿ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದ್ದರು. ಹಿಮೋಗ್ಲೋಬಿನ್ 7.9. ಹೆಂಗಸರಿಗೆ ಇದು 12 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕೆಂಪು ರಕ್ತಕಣಗಳ ಗಾತ್ರ ಚಿಕ್ಕದಾಗಿತ್ತು. ಅದು ಕಬ್ಬಿಣದ ಕೊರತೆಯ ಗುರುತು. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ 14 ಶೇಕಡಾ ಇತ್ತು, ಮಾಮೂಲಿಯ ಎರಡು ಪಟ್ಟಿಗೂ ಮೇಲೆ. ಈ ಕಣ ಅಲರ್ಜಿಯಲ್ಲಿ ಏರುತ್ತದೆ, ಹುಳು ಇದ್ದಾಗಲೂ ಏರುತ್ತದೆ. ಇವರಿಗೆ ಚಿಕ್ಕಂದಿನಿಂದ ಉಬ್ಬಸ ಇತ್ತು. ಹಾಗಾಗಿ ಅದನ್ನು ಅಲರ್ಜಿಯ ಲೆಕ್ಕಕ್ಕೇ ಹಾಕಿದ್ದರು. ಬೇರೊಂದು ಲ್ಯಾಬಿನಲ್ಲಿ ಮಲಪರೀಕ್ಷೆಯೂ ಆಗಿತ್ತು. ರಿಪೋರ್ಟಿನಲ್ಲಿ ‘ಮೊಟ್ಟೆ, ಸಿಸ್ಟ್ ಕಂಡುಬಂದಿಲ್ಲ’ ಎಂದಿತ್ತು. ಕಬ್ಬಿಣದ ಮಾತ್ರೆ ಶುರುವಾಗಿತ್ತು.

ಹೀಗಿರುವಾಗ ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಟಾಯ್ಲೆಟ್‌ನಲ್ಲಿ ಉದ್ದನೆಯ ಹುಳು ಕಂಡಿತು.

ಎರೆಹುಳವೇ, ಜಂತುಹುಳವೇ?

ಮನೆಯಲ್ಲಿ ದೊಡ್ಡ ಚರ್ಚೆಯಾಯಿತಂತೆ. ‘ಮಳೆಗಾಲ ಅಲ್ವೇನೇ, ಎರೆಹುಳ ಬಚ್ಚಲಿಗೆ ಬರ್ತವೆ, ಸುಮ್ನೆ ನೀರು ಹಾಕು’ ಎಂದು ಅತ್ತೆ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೆಂಗಳೂರಿನ ಹಳೆಯ ನೆಲಮಹಡಿ ಮನೆಗಳಲ್ಲಿ ಜೋರು ಮಳೆ ಬಂದರೆ ಎರೆಹುಳಗಳು ಮೋರಿ ಕಡೆಯಿಂದ ಬಚ್ಚಲಿಗೆ ಹರಿದು ಬರುತ್ತವೆ. ಆದರೆ ಸೊಸೆ ಗಟ್ಟಿಗಿತ್ತಿ. ಹುಳುವನ್ನು ಕಡ್ಡಿಯಿಂದ ಎತ್ತಿ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ಮಲದ ಮಾದರಿಯನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎತ್ತಿಟ್ಟರು. ಭಾನುವಾರ ಲ್ಯಾಬು ಮುಚ್ಚಿರುತ್ತದೆ. ಸೋಮವಾರ ಬೆಳಿಗ್ಗೆ ಎರಡನ್ನೂ ನಮ್ಮ ಲ್ಯಾಬಿಗೆ ತಂದುಕೊಟ್ಟರು.

‘ಮೇಡಂ, ಇದು ಎರೆಹುಳ ಅಂತಾರೆ ನಮ್ಮತ್ತೆ. ನನಗ್ಯಾಕೋ ಹಂಗನ್ನಿಸಲ್ಲ, ನೀವೇ ನೋಡಿ.’

ಹುಳುವನ್ನೇ ತಂದದ್ದು ಬಹಳ ಒಳ್ಳೆಯ ಕೆಲಸ. ಹೆಚ್ಚಿನವರು ಅಸಹ್ಯಪಟ್ಟು ಫ್ಲಷ್ ಮಾಡಿಬಿಡುತ್ತಾರೆ. ಆಮೇಲೆ ‘ಬಿಳಿಯಾಗಿತ್ತು, ಉದ್ದ ಇತ್ತು’ ಎನ್ನುವುದಷ್ಟೇ ಉಳಿಯುತ್ತದೆ. ಮೊಬೈಲ್ ಫೋಟೋದಲ್ಲಿ ಅಳತೆ ಗೊತ್ತಾಗುವುದಿಲ್ಲ, ಬಾಲದ ತುದಿ ಕಾಣುವುದಿಲ್ಲ. ಹುಳುವನ್ನು ಬರೀ ನಲ್ಲಿ ನೀರಿನಲ್ಲಿ ಹಾಕಿಟ್ಟರೆ ಅದು ನೀರು ಹೀರಿ ಉಬ್ಬಿ ಒಡೆಯಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಇದ್ದರೆ ಸರಿ. ಲ್ಯಾಬಿಗೆ ತಲುಪುವುದು ತಡವಾಗುವುದಾದರೆ ಸರ್ಜಿಕಲ್ ಸ್ಪಿರಿಟ್ ಹಾಕಬಹುದು. ಅದೂ ಹುಳುವಿಗೆ ಮಾತ್ರ. ಮಲದ ಮಾದರಿಗೆ ಏನೂ ಬೆರೆಸಬಾರದು.

ಹುಳುವನ್ನು ತೊಳೆದು ಬಿಳಿ ಟ್ರೇ ಮೇಲೆ ಸ್ಕೇಲಿನ ಪಕ್ಕ ಇಟ್ಟೆವು. ಉದ್ದ 26 ಸೆಂಟಿಮೀಟರ್, ದಪ್ಪ ಸುಮಾರು 5 ಮಿಲಿಮೀಟರ್. ಕೆನೆ ಬಣ್ಣ, ಎಲ್ಲೋ ಸ್ವಲ್ಪ ನಸುಗೆಂಪು. ಎರಡೂ ತುದಿ ಚೂಪಾಗುತ್ತಾ ಹೋಗಿದ್ದವು.

ಎರೆಹುಳವಾದರೆ ಮೈತುಂಬ ಉಂಗುರ ಉಂಗುರವಾಗಿ ಖಂಡಗಳಿರುತ್ತವೆ. ಬೆಳೆದ ಎರೆಹುಳಕ್ಕೆ ತಲೆಯ ಕಡೆ ಒಂದು ದಪ್ಪ ಪಟ್ಟಿ ಇರುತ್ತದೆ. ಹಿಂದಿನಿಂದ ಮುಂದಕ್ಕೆ ಬೆರಳಾಡಿಸಿದರೆ ಸಣ್ಣ ಬಿರುಗೂದಲು ತರಿತರಿ ಎನ್ನುತ್ತದೆ. ಒಳಗೆ ಮಣ್ಣು ತುಂಬಿರುತ್ತದೆ. ನಮ್ಮ ಟ್ರೇಯಲ್ಲಿದ್ದದ್ದು ನುಣ್ಣಗಿತ್ತು. ಲೆನ್ಸ್ ಇಟ್ಟು ನೋಡಿದರೆ ಸಣ್ಣ ಅಡ್ಡಗೆರೆಗಳು ಕಂಡವು, ಆದರೆ ಖಂಡಗಳಿರಲಿಲ್ಲ. ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಬಿಳಿ ಗೆರೆ ಹರಿದಿತ್ತು. ಬಾಯಿಯ ತುದಿಯಲ್ಲಿ ಮೂರು ತುಟಿಗಳಿದ್ದವು. ಈ ಮೂರು ತುಟಿ ಕಂಡ ಮೇಲೆ ಅನುಮಾನ ಉಳಿಯಲಿಲ್ಲ. ಇದು ದೊಡ್ಡ ದುಂಡುಹುಳು, ಆಸ್ಕಾರಿಸ್ ಲುಂಬ್ರಿಕಾಯ್ಡಿಸ್. 1758ರಲ್ಲಿ ಲಿನಿಯಸ್ ಹೆಸರಿಟ್ಟದ್ದು.

ಬಾಲ ನೆಟ್ಟಗಿತ್ತು. ಗಂಡಿನ ಬಾಲ ಹೊಟ್ಟೆಯ ಕಡೆಗೆ ಬಾಗಿರುತ್ತದೆ, ಗಾತ್ರವೂ ಸಾಮಾನ್ಯವಾಗಿ ಚಿಕ್ಕದು. ಹಾಗಾಗಿ ಇದು ಹೆಣ್ಣು. ಸೀಳಿ ನೋಡಿದಾಗ ಒಳಗೆ ಬಿಳಿ ದಾರದ ಹಾಗೆ ಸುತ್ತಿಕೊಂಡ ಗರ್ಭನಾಳಗಳು ಸಿಕ್ಕವು. ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಇಷ್ಟು ಮೊಟ್ಟೆ ಇಡುವ ಹುಳು ಹೊಟ್ಟೆಯಲ್ಲಿದ್ದಾಗ ಮೊದಲ ಲ್ಯಾಬಿಗೆ ಒಂದು ಮೊಟ್ಟೆಯೂ ಕಾಣದೇ ಹೋದದ್ದು ಹೇಗೆ? ಈ ಪ್ರಶ್ನೆಯಿಂದಲೇ ನಾವು ಮುಂದಕ್ಕೆ ಹೋದೆವು.

ಅದಕ್ಕೂ ಮೊದಲು ಒಂದು ಮಾತು. ‘ಹುಳು’ ಎಂದು ಜನ ತರುವುದೆಲ್ಲ ಹೊಟ್ಟೆಯ ಹುಳುವಲ್ಲ. ಬಾಳೆಹಣ್ಣಿನ ಕಪ್ಪು ನಾರು, ಅರಗದ ಸೊಪ್ಪಿನ ದಂಟು, ಕರುಳಿನ ಲೋಳೆಯ ಎಳೆ ಬರುತ್ತವೆ. ಬಚ್ಚಲ ಜಾಲರಿಯಲ್ಲಿ ಬೆಳೆಯುವ ಸಣ್ಣ ನೊಣದ ಮರಿಹುಳುಗಳೂ ಬರುತ್ತವೆ. ಸೋರೆ ಬೀಜದ ಹಾಗೆ ಚಪ್ಪಟೆಯಾದ ಬಿಳಿ ತುಂಡು ಬಂದರೆ ಅದು ಲಾಡಿಹುಳುವಿನ ಖಂಡ. ಅದು ದುಂಡುಹುಳುಗಳ ಜಾತಿಗೇ ಸೇರಿದ್ದಲ್ಲ, ಔಷಧವೂ ಬೇರೆ. ಮಕ್ಕಳ ಗುದದ ಸುತ್ತ ರಾತ್ರಿ ಕಾಣುವ, ಒಂದು ಸೆಂಟಿಮೀಟರಿನ ಆಸುಪಾಸಿನ ಬಿಳಿ ಹುಳು ಪಿನ್‌ವರ್ಮ್. ಇದರ ಮೊಟ್ಟೆ ಮಲದಲ್ಲಿ ಸಿಗುವುದು ಅಪರೂಪ. ಬೆಳಿಗ್ಗೆ ಮಗು ಎದ್ದ ಕೂಡಲೇ, ತೊಳೆಯುವ ಮೊದಲು, ಪಾರದರ್ಶಕ ಸೆಲ್ಲೋಟೇಪನ್ನು ಗುದದ ಬಳಿ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸಿ ನೋಡಬೇಕು.

ಕಾಣದ ಮೊಟ್ಟೆ

ಹುಳುವಿನ ಗರ್ಭನಾಳದಿಂದ ಒಂದು ಹನಿ ಸ್ಲೈಡಿಗೆ ಹಾಕಿ ನೋಡಿದೆವು. ಪಾಠದ ಪುಸ್ತಕಗಳಲ್ಲಿ ಕಾಣುವ ಆಸ್ಕಾರಿಸ್ ಮೊಟ್ಟೆ ಹೆಚ್ಚು ಕಡಿಮೆ ಗುಂಡಗಿರುತ್ತದೆ. 45ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದ, ದಪ್ಪ ಚಿಪ್ಪು, ಮೇಲೆ ಉಬ್ಬುತಗ್ಗಿನ ಹೊದಿಕೆ. ಕರುಳಿಗೆ ಬಂದ ಮೇಲೆ ಪಿತ್ತರಸ ಹತ್ತಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದನ್ನು ಒಮ್ಮೆ ನೋಡಿದವರು ಮತ್ತೆ ಗುರುತು ಹಿಡಿಯದೇ ಇರುವುದಿಲ್ಲ.

ಇಲ್ಲಿ ಕಂಡವು ಹಾಗಿರಲಿಲ್ಲ. ಉದ್ದುದ್ದ, ಸುಮಾರು 90 ಮೈಕ್ರಾನ್. ಚಿಪ್ಪು ತೆಳು, ಆಕಾರ ಸೊಟ್ಟ, ಒಳಗೆ ಒರಟು ಕಾಳುಕಾಳಾದ ರಾಶಿ. ಇವು ಫಲಿಸದ ಮೊಟ್ಟೆಗಳು. ಹೊಟ್ಟೆಯಲ್ಲಿ ಹೆಣ್ಣು ಹುಳು ಮಾತ್ರ ಇದ್ದು ಗಂಡು ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತಲೇ ಇರುತ್ತದೆ. ಆ ಮೊಟ್ಟೆಗಳಿಂದ ಮರಿ ಆಗುವುದಿಲ್ಲ.

ಮಲದಲ್ಲಿ ಇವು ಸಸ್ಯದ ಜೀವಕೋಶವೋ ಕಸವೋ ಅನ್ನಿಸುತ್ತವೆ. ಇನ್ನೊಂದು ತೊಡಕೂ ಇದೆ. ಹಲವು ಕಡೆ ಮಲವನ್ನು ಗಟ್ಟಿ ಉಪ್ಪಿನ ದ್ರಾವಣದಲ್ಲಿ ಕದಡಿ, ಮೇಲೆ ತೇಲಿಬಂದದ್ದನ್ನು ಕವರ್ ಸ್ಲಿಪ್‌ನಲ್ಲಿ ಎತ್ತಿ ನೋಡುತ್ತಾರೆ. ಫಲಿತ ಮೊಟ್ಟೆ ತೇಲುತ್ತದೆ. ಫಲಿಸದ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ. ತೇಲಿದ್ದನ್ನು ಮಾತ್ರ ನೋಡಿದರೆ ಅದು ಸಿಗುವುದೇ ಇಲ್ಲ. ಬರೀ ಸಲೈನ್ ಹನಿಯಲ್ಲಿ ನೋಡುವುದಾದರೆ ಒಂದು ಸ್ಲೈಡಿಗೆ ಹೋಗುವ ಮಲ ಸುಮಾರು 2 ಮಿಲಿಗ್ರಾಂ. ಅಷ್ಟರಲ್ಲಿ ತಪ್ಪಿಹೋಗುವುದು ಸಹಜ. ಮೊದಲ ಲ್ಯಾಬಿನವರು ಅಸಡ್ಡೆ ಮಾಡಿದರು ಎಂದು ನನಗೆ ಅನ್ನಿಸುವುದಿಲ್ಲ. ಒಂದು ಸ್ಲೈಡಿನ ಮೇಲೆ ‘ಇಲ್ಲ’ ಎಂದು ತೀರ್ಮಾನಿಸುವ ಪದ್ಧತಿಯೇ ಸಾಲದು.

ನಾವು ಮಲವನ್ನು ಫಾರ್ಮಲಿನ್ ಮತ್ತು ಈಥರ್ ಜೊತೆ ಸೆಂಟ್ರಿಫ್ಯೂಜ್ ಮಾಡಿ ತಳದ ಗಸಿ ತೆಗೆದೆವು. ಅದರಲ್ಲಿ ಅದೇ ಉದ್ದನೆಯ ಮೊಟ್ಟೆಗಳು ಸಿಕ್ಕವು. ಈ ಸಲ ಕಂದು ಬಣ್ಣದಲ್ಲಿ. ಹುಳುವಿನ ಗರ್ಭದಲ್ಲಿ ಕಂಡದ್ದನ್ನು ಪಕ್ಕದಲ್ಲೇ ಇಟ್ಟು ಹೋಲಿಸಿದ್ದರಿಂದ ಗುರುತು ಗಟ್ಟಿಯಾಯಿತು.

ಇಲ್ಲಿಗೇ ರಿಪೋರ್ಟ್ ಬರೆದು ಮುಗಿಸಬಹುದಿತ್ತು. ಆದರೆ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಆಸ್ಕಾರಿಸ್ ನಾವು ಉಂಡ ಊಟವನ್ನು ತಿಂದು ಬದುಕುವ ಹುಳು. ಅದು ಕರುಳು ಕಚ್ಚಿ ರಕ್ತ ಹೀರುವುದಿಲ್ಲ. ಒಂದೋ ಎರಡೋ ಆಸ್ಕಾರಿಸ್ ಇದ್ದ ಮಾತ್ರಕ್ಕೆ 34 ವರ್ಷದ ಹೆಂಗಸಿನ ಹಿಮೋಗ್ಲೋಬಿನ್ 7.9ಕ್ಕೆ ಇಳಿಯುವುದಿಲ್ಲ. ಮನೆಯವರಿಗೆ ಮಾತ್ರ ಉತ್ತರ ಸಿಕ್ಕಾಗಿತ್ತು. ‘ಇಷ್ಟುದ್ದ ಹುಳ ಹೊಟ್ಟೇಲಿದ್ರೆ ಮೈಗೆ ಎಲ್ಲಿ ಹತ್ತುತ್ತೆ?’ ಎಂದು ಗಂಡ ಕೇಳಿದರು. ಕಣ್ಣಿಗೆ ಕಂಡ ದೊಡ್ಡ ಹುಳುವಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸುಲಭ. ಈ ರೋಗಿಗೆ ಅದು ಅಪಾಯವಾಗುತ್ತಿತ್ತು.

ಹರಿದಾಡುವ ಮರಿಗಳು

ಅದೇ ಮಾದರಿಯ ಸಲೈನ್ ಸ್ಲೈಡನ್ನು ನಮ್ಮ ಕಿರಿಯ ಟೆಕ್ನಿಷಿಯನ್ ನೋಡುತ್ತಿದ್ದಳು. ‘ಮೇಡಂ, ಇಲ್ಲಿ ಏನೋ ಓಡಾಡ್ತಿದೆ’ ಎಂದು ಕರೆದಳು. ಕಾಲು ಮಿಲಿಮೀಟರಿನಷ್ಟು ಉದ್ದದ ಮರಿಹುಳುಗಳು ಚುರುಕಾಗಿ ಹೊರಳಾಡುತ್ತಿದ್ದವು. ಮಲದಲ್ಲಿ ಜೀವಂತ ಮರಿ ಕಂಡರೆ ಮೊದಲು ನೆನಪಿಗೆ ಬರುವುದು ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು. ಏಕೆಂದರೆ ಅದರ ಮೊಟ್ಟೆ ಕರುಳಿನಲ್ಲೇ ಒಡೆದು ಮರಿಯೇ ಹೊರಬರುತ್ತದೆ. ಅವಳೂ ಅದನ್ನೇ ಹೇಳಿದಳು. ಓದಿದ್ದಕ್ಕೆ ಸರಿಯಾಗಿಯೇ ಯೋಚಿಸಿದ್ದಳು.

ಡಾಕ್ಟರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, ‘ಮಳೆ ಶುರುವಾದ ಮೇಲೆ ಅವರಿಗೆ ಉಬ್ಬಸ ಜಾಸ್ತಿಯಾಗಿದೆ. ಐದು ದಿನ ಸ್ಟೆರಾಯ್ಡ್ ಮಾತ್ರೆ ಬರೆಯೋಣ ಅಂತಿದ್ದೆ. ನಿಮ್ಮ ರಿಪೋರ್ಟ್ ಬರೋವರೆಗೂ ನಿಲ್ಲಿಸ್ತೀನಿ’ ಎಂದರು.

ನಿಲ್ಲಿಸಿದ್ದು ಏಕೆ ಎಂದು ಹೇಳಬೇಕು. ಸ್ಟ್ರಾಂಜಿಲಾಯ್ಡಿಸ್ ಬೇರೆ ಹುಳುಗಳಂತೆ ಅಲ್ಲ. ಅದರ ಮರಿಗಳು ಹೊರಗೆ ಮಣ್ಣಿಗೆ ಹೋಗದೆ, ಅದೇ ಮನುಷ್ಯನ ಕರುಳಿನ ಗೋಡೆ ಅಥವಾ ಗುದದ ಚರ್ಮ ತೂರಿ ಮತ್ತೆ ಒಳಗೇ ಸುತ್ತು ಹಾಕಬಲ್ಲವು. ಹಾಗಾಗಿ ಅದು ದಶಕಗಟ್ಟಲೆ ಒಬ್ಬರಲ್ಲೇ ಉಳಿಯುತ್ತದೆ. ಸ್ಟೆರಾಯ್ಡ್ ಕೊಟ್ಟು ಮೈಯ ತಡೆಯುವ ಶಕ್ತಿ ತಗ್ಗಿದರೆ ಮರಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಶ್ವಾಸಕೋಶ, ಮಿದುಳಿನವರೆಗೂ ಹೋಗುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳನ್ನೂ ಜೊತೆಗೆ ರಕ್ತಕ್ಕೆ ಒಯ್ಯುತ್ತವೆ. ಪ್ರಾಣ ಹೋಗುವ ಸ್ಥಿತಿ ಅದು. ಆದ್ದರಿಂದ ‘ಮರಿಹುಳು ಕಂಡಿದೆ’ ಎಂದು ಬರೆದು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಯಾವುದರ ಮರಿ ಎಂದು ಹೇಳಲೇಬೇಕಿತ್ತು.

ಸ್ಲೈಡಿನ ಅಂಚಿನಲ್ಲಿ ಒಂದು ಹನಿ ಅಯೋಡಿನ್ ಬಿಟ್ಟೆವು. ಮರಿಗಳು ಸತ್ತು ನೆಟ್ಟಗಾದವು, ಒಳಗಿನ ಭಾಗಗಳಿಗೆ ಬಣ್ಣ ಹತ್ತಿತು. ದೊಡ್ಡ ಲೆನ್ಸಿನಲ್ಲಿ ಎರಡು ಜಾಗ ನೋಡಬೇಕು. ಮೊದಲನೆಯದು ಬಾಯಿಯಿಂದ ಅನ್ನನಾಳಕ್ಕೆ ಹೋಗುವ ಕೊಳವೆ. ಸ್ಟ್ರಾಂಜಿಲಾಯ್ಡಿಸ್‌ನಲ್ಲಿ ಅದು ತುಂಬ ಗಿಡ್ಡ, ಇದೆಯೋ ಇಲ್ಲವೋ ಅನ್ನುವಷ್ಟು. ಹೆಚ್ಚು ಕಡಿಮೆ ಹಾಗೆಯೇ ಕಾಣುವ, ಕರುಳು ಕಚ್ಚಿ ರಕ್ತ ಹೀರುವ ಕೊಕ್ಕೆಹುಳುವಿನ (ಹುಕ್‌ವರ್ಮ್) ಮರಿಯಲ್ಲಿ ಅದು ಉದ್ದ, ಸ್ಪಷ್ಟವಾಗಿ ಎರಡು ಗೆರೆಯಾಗಿ ಕಾಣುತ್ತದೆ. ಎರಡನೆಯದು ಮೈಯ ನಡುಭಾಗದಲ್ಲಿರುವ ಜನನಾಂಗದ ಮೊಳಕೆ. ಸ್ಟ್ರಾಂಜಿಲಾಯ್ಡಿಸ್‌ನಲ್ಲಿ ದೊಡ್ಡದು, ಎದ್ದು ಕಾಣುತ್ತದೆ. ಕೊಕ್ಕೆಹುಳುವಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ನಮ್ಮ ಮರಿಗಳ ಬಾಯಿಕೊಳವೆ ಉದ್ದವಿತ್ತು. ನಡುವೆ ಮೊಳಕೆ ಕಾಣಲಿಲ್ಲ. ಸುತ್ತಮುತ್ತ ಒಡೆದ ಖಾಲಿ ಚಿಪ್ಪುಗಳು ಬಿದ್ದಿದ್ದವು.

ಆಗ ಡಬ್ಬಿಯ ಕಥೆ ಅರ್ಥವಾಯಿತು. ಮಾದರಿ ತೆಗೆದದ್ದು ಶನಿವಾರ ರಾತ್ರಿ, ನಾವು ನೋಡಿದ್ದು ಸೋಮವಾರ ಬೆಳಿಗ್ಗೆ. ಕೊಕ್ಕೆಹುಳುವಿನ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದಲ್ಲಿ ಒಡೆಯುತ್ತದೆ. ಬೆಂಗಳೂರಿನ ಜುಲೈ ಹವೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ಮೊಟ್ಟೆಗಳು ಅಲ್ಲೇ ಮರಿಯಾಗಿದ್ದವು. ರೋಗಿಯ ಹೊಟ್ಟೆಯಿಂದ ಬಂದದ್ದು ಮೊಟ್ಟೆ. ಮರಿ ಹುಟ್ಟಿದ್ದು ಡಬ್ಬಿಯಲ್ಲಿ.

ಇದನ್ನು ಖಚಿತ ಮಾಡಿಕೊಳ್ಳಲು ಹೊಸ ಮಾದರಿ ಬೇಕಿತ್ತು. ಬೇರೆ ಬೇರೆ ದಿನದ ಮೂರು ಮಾದರಿ, ತೆಗೆದ ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು ಎಂದು ಕೇಳಿದೆವು. ಸ್ಟ್ರಾಂಜಿಲಾಯ್ಡಿಸ್ ಮರಿಗಳು ಮಲದಲ್ಲಿ ಬಹಳ ಕಡಿಮೆ, ಬಿಟ್ಟು ಬಿಟ್ಟು ಬರುತ್ತವೆ. ಒಂದು ಸಲ ಕಾಣದಿದ್ದರೆ ಇಲ್ಲ ಎನ್ನಲಾಗದು. ಶಿಫ್ಟಿಗೆ ಹೋಗುವ ಹೆಂಗಸಿಗೆ ಇದು ದೊಡ್ಡ ತಾಪತ್ರಯ. ತಡವಾದರೆ ಸಂಬಳ ಕಡಿತ. ಗಂಡ ತಮ್ಮ ಬೆಳಗಿನ ಬಾಡಿಗೆ ಬಿಟ್ಟು ಮೂರೂ ದಿನ ಡಬ್ಬಿ ತಂದುಕೊಟ್ಟರು. ಅವರ ಈ ಸಹಕಾರ ಇಲ್ಲದಿದ್ದರೆ ನಮ್ಮ ಮೈಕ್ರೋಸ್ಕೋಪಿನಿಂದ ಏನೂ ಆಗುತ್ತಿರಲಿಲ್ಲ.

ಮೂರೂ ತಾಜಾ ಮಾದರಿಗಳಲ್ಲಿ ಮರಿ ಒಂದೂ ಇರಲಿಲ್ಲ. ಅಂಡಾಕಾರದ, ಬಣ್ಣವಿಲ್ಲದ, ತೆಳು ಚಿಪ್ಪಿನ ಮೊಟ್ಟೆಗಳಿದ್ದವು. ಸುಮಾರು 60 ಮೈಕ್ರಾನ್ ಉದ್ದ. ಒಳಗೆ ನಾಲ್ಕರಿಂದ ಎಂಟು ಜೀವಕೋಶಗಳ ಗುಂಪು, ಅದಕ್ಕೂ ಚಿಪ್ಪಿಗೂ ನಡುವೆ ತಿಳಿಯಾದ ಖಾಲಿ ಜಾಗ. ಇದು ಕೊಕ್ಕೆಹುಳುವಿನ ಮೊಟ್ಟೆಯ ಗುರುತು. ಪಿತ್ತದ ಬಣ್ಣ ಇದಕ್ಕೆ ಹತ್ತುವುದಿಲ್ಲ. ಚಾಟಿಹುಳು ಎಂಬ ಇನ್ನೊಂದು ಕರುಳಿನ ಹುಳುವಿನ ಮೊಟ್ಟೆಗೆ ಎರಡೂ ತುದಿಯಲ್ಲಿ ಬಿರಡೆ ಇರುತ್ತದೆ. ಅದು ಇಲ್ಲಿ ಇರಲಿಲ್ಲ.

ರಕ್ತದ ಲೆಕ್ಕ

ಇದೆ ಎಂದಷ್ಟೇ ಬರೆದರೆ ಸಾಲದು, ಎಷ್ಟಿದೆ ಎಂದೂ ಹೇಳಬೇಕು. ಅದಕ್ಕೆ ಕಾಟೊ–ಕಾಟ್ಜ್ ಎಂಬ ವಿಧಾನವಿದೆ. 41.7 ಮಿಲಿಗ್ರಾಂ ಮಲ ಹಿಡಿಯುವ ತೂತಿನ ಅಚ್ಚು ಇಟ್ಟು, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ಮುಚ್ಚಿ, ಸ್ಲೈಡಿನಲ್ಲಿರುವ ಮೊಟ್ಟೆಯನ್ನೆಲ್ಲ ಎಣಿಸುವುದು. ಬಂದ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿ ಎಷ್ಟು ಮೊಟ್ಟೆ ಎಂದು ತಿಳಿಯುತ್ತದೆ. ಕೊಕ್ಕೆಹುಳುವಿಗಾದರೆ ಅರ್ಧದಿಂದ ಒಂದು ಗಂಟೆಯೊಳಗೆ ಎಣಿಸಿ ಮುಗಿಸಬೇಕು. ತಡವಾದರೆ ಗ್ಲಿಸರಿನ್ ಆ ತೆಳು ಮೊಟ್ಟೆಯನ್ನು ಕಾಣದ ಹಾಗೆ ಮಾಡಿಬಿಡುತ್ತದೆ.

ನಮ್ಮ ಎಣಿಕೆಯಲ್ಲಿ 96 ಬಂತು. ಅಂದರೆ ಗ್ರಾಂಗೆ 2,304. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಕೊಕ್ಕೆಹುಳು 2,000 ದಾಟಿದರೆ ಮಧ್ಯಮ, 4,000 ಮುಟ್ಟಿದರೆ ತೀವ್ರ.

ಕೊಕ್ಕೆಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಸಣ್ಣಕರುಳಿನ ಒಳಪದರವನ್ನು ಬಾಯಿಂದ ಕಚ್ಚಿ ಹಿಡಿದು ಕೂರುತ್ತದೆ. ಸುಮ್ನೆ ಮಲದಲ್ಲಿ ಉದುರಿ ಬರುವುದಿಲ್ಲ. ಹಾಗಾಗಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಎರಡು ಜಾತಿ ಮುಖ್ಯ. ನೆಕೇಟರ್ ಅಮೆರಿಕಾನಸ್‌ಗೆ ಬಾಯಲ್ಲಿ ಕತ್ತರಿಸುವ ತಟ್ಟೆಗಳಿರುತ್ತವೆ, ಆಂಕೈಲೋಸ್ಟೋಮಾ ಡುವೊಡಿನಾಲೆಗೆ ಹಲ್ಲುಗಳು. ಮೊದಲನೆಯದರ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಹೋಗುತ್ತದೆ. ಎರಡನೆಯದರಿಂದ ಸುಮಾರು 0.15, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊಟ್ಟೆ ನೋಡಿ ಇವೆರಡರಲ್ಲಿ ಯಾವುದು ಎಂದು ಹೇಳಲು ಆಗುವುದಿಲ್ಲ. ಅದಕ್ಕೆ ಮರಿಯನ್ನು ಬೆಳೆಸಿ ನೋಡಬೇಕು ಇಲ್ಲವೇ ಪಿಸಿಆರ್ ಮಾಡಬೇಕು. ಚಿಕಿತ್ಸೆ ಎರಡಕ್ಕೂ ಒಂದೇ ಆದ್ದರಿಂದ ಈ ರೋಗಿಗೆ ಆ ಖರ್ಚು ಬೇಡವೆಂದೆವು. ರಿಪೋರ್ಟಿನಲ್ಲಿ ‘ಕೊಕ್ಕೆಹುಳು’ ಎಂದಷ್ಟೇ ಬರೆದೆವು.

ಸಾಧು ಜಾತಿಯೇ ಇತ್ತೆಂದು ಇಟ್ಟುಕೊಳ್ಳೋಣ. ನೂರು ಹುಳುವಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ ತಿಂಗಳಿಗೆ 30ರಿಂದ 40 ಮಿಲಿಲೀಟರ್. ಅಂದರೆ ಈ ಹೆಂಗಸಿನ ಮೈ ಪ್ರತಿ ತಿಂಗಳು ಮುಟ್ಟಿನ ಎರಡು ಮೂರು ಪಟ್ಟು ರಕ್ತವನ್ನು ಸದ್ದಿಲ್ಲದೆ ಕಳೆದುಕೊಳ್ಳುತ್ತಿದ್ದಿರಬಹುದು. ಊಟ ಮುದ್ದೆ, ಸೊಪ್ಪಿನ ಸಾರು. ಮಾಂಸ ತಿಂಗಳಿಗೊಮ್ಮೆ. ಊಟದ ಬೆನ್ನಿಗೇ ಟೀ. ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎರಡು ಹೆರಿಗೆಯೂ ಆಗಿದೆ. ಎಲ್ಲವೂ ಸೇರಿ ರಕ್ತ ಇಳಿದಿದೆ. ಹುಳುವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಹುಳುವನ್ನು ಬಿಟ್ಟು ಬರೀ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೆ ರಕ್ತ ಏರುವುದು ಬಹಳ ನಿಧಾನವಾಗುತ್ತಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಇಳಿಯುತ್ತಿತ್ತು.

‘ಯಾವ ಹುಳ ಆದ್ರೇನು, ಮಾತ್ರೆ ಒಂದೇ ಅಲ್ವಾ?’

ಈ ಪ್ರಶ್ನೆಯನ್ನು ರೋಗಿಗಳು ಮಾತ್ರ ಅಲ್ಲ, ಎಷ್ಟೋ ಸಲ ಡಾಕ್ಟರುಗಳೂ ಕೇಳುತ್ತಾರೆ. ಈ ರೋಗಿಗೆ ಬರೆದದ್ದೂ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯೇ. ಹಾಗಿದ್ದರೆ ಇಷ್ಟೆಲ್ಲ ಹುಡುಕಾಟ ಯಾಕೆ?

ಆ ಒಂದು ಮಾತ್ರೆ ಎಲ್ಲ ಹುಳುವಿನ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಆಸ್ಕಾರಿಸ್ ಒಂದೇ ಡೋಸಿಗೆ ಬಹುತೇಕ ಎಲ್ಲರಲ್ಲೂ ಹೋಗುತ್ತದೆ. ಕೊಕ್ಕೆಹುಳು ಸುಮಾರು ಐದರಲ್ಲಿ ನಾಲ್ವರಿಗೆ ಹೋಗುತ್ತದೆ. ಚಾಟಿಹುಳು ಮೂವರಲ್ಲಿ ಒಬ್ಬರಿಗೆ ಹೋದರೆ ಹೆಚ್ಚು. ಸ್ಟ್ರಾಂಜಿಲಾಯ್ಡಿಸ್‌ಗೆ ಒಂದು ಡೋಸ್ ಅಲ್ಬೆಂಡಜೋಲ್ ನೆಚ್ಚಿಕೊಳ್ಳುವಂಥದ್ದಲ್ಲ. ಅದಕ್ಕೆ ಐವರ್ಮೆಕ್ಟಿನ್ ಬೇಕು. ಲಾಡಿಹುಳುವಾದರೆ ಮಿದುಳಿನಲ್ಲಿ ಅದರ ಗಂಟುಗಳಿರಬಹುದೇ ಎಂದು ಮೊದಲು ಯೋಚಿಸಬೇಕು. ಪಿನ್‌ವರ್ಮ್ ಆದರೆ ಎರಡು ವಾರದ ನಂತರ ಮತ್ತೊಂದು ಡೋಸ್ ಬೇಕು, ಮನೆಮಂದಿಗೆಲ್ಲ ಒಟ್ಟಿಗೆ ಕೊಡಬೇಕು.

ನಮ್ಮ ರೋಗಿಯ ವಿಷಯಕ್ಕೇ ಬಂದರೆ, ಆಸ್ಕಾರಿಸ್ ಒಂದೇ ಎಂದು ಬರೆದಿದ್ದರೆ ಮಾತ್ರೆ ಕೊಟ್ಟು ಮುಗಿಸುತ್ತಿದ್ದರು. ಮತ್ತೆ ಪರೀಕ್ಷೆಗೆ ಕರೆಯುತ್ತಿರಲಿಲ್ಲ. ಸ್ಟ್ರಾಂಜಿಲಾಯ್ಡಿಸ್ ಎಂದು ತಪ್ಪು ಬರೆದಿದ್ದರೆ ಬೇಡದ ಔಷಧ ಹೋಗುತ್ತಿತ್ತು, ಉಬ್ಬಸಕ್ಕೆ ಬೇಕಾದ ಸ್ಟೆರಾಯ್ಡ್ ತಪ್ಪುತ್ತಿತ್ತು, ರಕ್ತ ಹೀರುವ ಹುಳುವಿನ ಮಾತೇ ಬರುತ್ತಿರಲಿಲ್ಲ. ಸರಿಯಾದ ಹೆಸರು ಸಿಕ್ಕಿದ್ದರಿಂದ ಡಾಕ್ಟರು ಮೂರು ಕೆಲಸ ಮಾಡಿದರು. ಬಸಿರಿಲ್ಲ ಎಂದು ಖಚಿತ ಮಾಡಿಕೊಂಡು ಅಲ್ಬೆಂಡಜೋಲ್ ಕೊಟ್ಟರು. ಮೊದಲ ಮೂರು ತಿಂಗಳ ಬಸಿರಿನಲ್ಲಿ ಅದನ್ನು ಕೊಡಬಾರದು. ಕಬ್ಬಿಣದ ಮಾತ್ರೆ ಮುಂದುವರಿಸಿ ಟೀಯನ್ನು ಊಟದಿಂದ ದೂರ ಇಡಿಸಿದರು. ಮೂರು ವಾರ ಬಿಟ್ಟು ಮತ್ತೆ ಮಲಪರೀಕ್ಷೆ ಬರೆದರು.

ಮಾತ್ರೆ ನುಂಗಿದ ಎರಡನೇ ದಿನ ಇನ್ನೊಂದು ಆಸ್ಕಾರಿಸ್ ಬಿತ್ತು. ಅದರ ಬಾಲವೂ ನೆಟ್ಟಗಿತ್ತು. ಅದೂ ಹೆಣ್ಣೇ.

ಮನೆ

ಹುಳು ಕಂಡ ದಿನದಿಂದ ಮನೆಯಲ್ಲಿ ಇವರ ತಟ್ಟೆ, ಲೋಟ ಬೇರೆಯಾಗಿತ್ತು. ಚಿಕ್ಕ ಮಗನನ್ನು ಅತ್ತೆ ತಮ್ಮ ಹತ್ತಿರ ಮಲಗಿಸಿಕೊಳ್ಳುತ್ತಿದ್ದರು. ರಿಪೋರ್ಟ್ ತೆಗೆದುಕೊಳ್ಳಲು ಬಂದಾಗ ಈಕೆ ಕೇಳಿದ ಮೊದಲ ಪ್ರಶ್ನೆ ಹಿಮೋಗ್ಲೋಬಿನ್ ಬಗ್ಗೆ ಇರಲಿಲ್ಲ. ‘ಮೇಡಂ, ಮಗೂನ ಪಕ್ಕದಲ್ಲಿ ಮಲಗಿಸ್ಕೋಬಹುದಾ?’

ಖಂಡಿತ ಮಲಗಿಸಿಕೊಳ್ಳಬಹುದು. ಆಸ್ಕಾರಿಸ್ ಮೊಟ್ಟೆ ಹೊರಬಂದ ಕೂಡಲೇ ಯಾರಿಗೂ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಇದ್ದು ಒಳಗೆ ಮರಿ ಬೆಳೆದ ಮೇಲಷ್ಟೇ ಸೋಂಕು ತರುತ್ತದೆ. ಇವರ ಹೊಟ್ಟೆಯಿಂದ ಬರುತ್ತಿದ್ದುದಂತೂ ಫಲಿಸದ ಮೊಟ್ಟೆ, ಅದರಿಂದ ಏನೂ ಹುಟ್ಟುವುದಿಲ್ಲ. ಕೊಕ್ಕೆಹುಳುವಿನ ಮರಿಯೂ ಮಣ್ಣಿನಲ್ಲಿ ಸುಮಾರು ಒಂದು ವಾರ ಬೆಳೆಯಬೇಕು. ಆಮೇಲೆ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ತಟ್ಟೆಯಿಂದ, ಹಾಸಿಗೆಯಿಂದ, ಮುದ್ದಾಡಿದ್ದರಿಂದ ಈ ಎರಡೂ ಹರಡುವುದಿಲ್ಲ. ಇದನ್ನು ಅತ್ತೆಯನ್ನೂ ಕರೆಸಿ ಕೂರಿಸಿ ಹೇಳಿದೆ. ‘ಹಂಗಾದ್ರೆ ಸರಿ ಬಿಡಿ’ ಎಂದರು. ಅವರ ಮಾದರಿಯನ್ನೂ ಕೇಳಿ ತರಿಸಿಕೊಂಡೆವು. ಅದರಲ್ಲೂ ಕೊಕ್ಕೆಹುಳುವಿನ ಮೊಟ್ಟೆ ಇತ್ತು, ಸ್ವಲ್ಪವೇ.

ಮಕ್ಕಳಿಬ್ಬರ ಮಾದರಿ ಶುದ್ಧವಾಗಿತ್ತು. ಮಗಳಿಗೆ ಶಾಲೆಯಲ್ಲಿ, ಮಗನಿಗೆ ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆ ಸಿಗುತ್ತಿತ್ತು. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮ ಅದು. ಫೆಬ್ರವರಿ 10 ಮತ್ತು ಆಗಸ್ಟ್ 10 ಅದರ ದಿನಗಳು. 1ರಿಂದ 19 ವರ್ಷದವರಿಗೆ ಅದು ಮುಟ್ಟುತ್ತದೆ. ಆ ಕೆಲಸ ಎಷ್ಟು ಚೆನ್ನಾಗಿ ಆಗುತ್ತಿದೆ ಎನ್ನುವುದಕ್ಕೆ ಈ ಮಕ್ಕಳೇ ಸಾಕ್ಷಿ. ಆದರೆ 19 ದಾಟಿದ ಮೇಲೆ? ದುಡಿಯುವ, ಹೆರುವ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೇ ರಕ್ತ ಹೆಚ್ಚು ಬೇಕು. ಈ ಮಾತ್ರೆಯ ಸಾಲಿನಲ್ಲಿ ಅವರಿಗೆ ಜಾಗವಿಲ್ಲ. ರಕ್ತಹೀನತೆ ಎಂದು ಬಂದ ಹೆಂಗಸಿಗೆ ಕಬ್ಬಿಣದ ಮಾತ್ರೆ ಬರೆಯುವ ಕೈ ಒಂದು ಸರಿಯಾದ ಮಲಪರೀಕ್ಷೆಯನ್ನೂ ಬರೆಯಬೇಕು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಎಲ್ಲಿಂದ ಬಂತು? ಖಚಿತವಾಗಿ ಹೇಳಲು ಆಗದು, ಆದರೆ ಜಾಡು ಇದೆ. ಅತ್ತೆ ಸೊಸೆ ಇಬ್ಬರೂ ರಾಗಿ ಕೊಯ್ಲಿಗೆ ಮಾಗಡಿ ಕಡೆಯ ಊರಿಗೆ ಹೋಗುತ್ತಾರೆ. ಹೊಲದಲ್ಲಿ ಬರಿಗಾಲು, ಬಯಲಿಗೆ ಹೋಗುವ ಜಾಗವೂ ಹೊಲದ ಅಂಚೇ. ಕೊಕ್ಕೆಹುಳು ಒಳಹೊಕ್ಕರೆ ವರ್ಷಗಟ್ಟಲೆ ಬದುಕುತ್ತದೆ. ಊರಿನಲ್ಲಿ ಹತ್ತಿದ್ದು ಬೆಂಗಳೂರಿನಲ್ಲಿ ತಲೆಸುತ್ತಾಗಿ ಕಾಣಿಸಿಕೊಳ್ಳಬಹುದು.

ಆಸ್ಕಾರಿಸ್ ಬಾಯಿಯಿಂದ ಬರುವಂಥದ್ದು. ಮಣ್ಣು ಮೆತ್ತಿದ ಕೈ, ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿ, ಕೊತ್ತಂಬರಿ. ವೃಷಭಾವತಿ ನದಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಯ ಕಡೆ ಹರಿಯುತ್ತದೆ. ಆ ದಾರಿಯುದ್ದಕ್ಕೂ ಅದೇ ನೀರಿನಲ್ಲಿ ಬೇಸಾಯ ನಡೆದುಕೊಂಡು ಬಂದಿದೆ. ಸೊಪ್ಪನ್ನು ಉಪ್ಪುನೀರಿನಲ್ಲಿ ಅದ್ದಿಟ್ಟರೆ ಹುಳುವಿನ ಮೊಟ್ಟೆ ಸಾಯುತ್ತದೆ ಎಂದು ಈಕೆ ನಂಬಿದ್ದರು, ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಲ್ಯಾಬಿನಲ್ಲಿ ನಾವು ಆ ಮೊಟ್ಟೆಗಳನ್ನು ತೇಲಿಸುವುದೇ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾದ ಉಪ್ಪುನೀರಿನಲ್ಲಿ! ಕುಡಿಯುವ ನೀರಿಗೆ ಹಾಕುವ ಕ್ಲೋರಿನ್‌ಗೂ ಆಸ್ಕಾರಿಸ್ ಮೊಟ್ಟೆ ಜಗ್ಗುವುದಿಲ್ಲ. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ, ಉಜ್ಜಿ ತೊಳೆದರೆ ಮೊಟ್ಟೆ ಹೆಚ್ಚಿನಂಶ ಕಿತ್ತುಹೋಗುತ್ತದೆ. ಗೆಡ್ಡೆಯ ಸಿಪ್ಪೆ ತೆಗೆಯಬೇಕು. ಬೇಯಿಸಿದರೆ ಸಾಯುತ್ತದೆ.

ಮುಂದೆ ಆದದ್ದು

ಮೂರು ವಾರದ ನಂತರದ ಮಾದರಿಯಲ್ಲಿ ಆಸ್ಕಾರಿಸ್ ಮೊಟ್ಟೆ ಇರಲಿಲ್ಲ. ಕಾಟೊ–ಕಾಟ್ಜ್ ಸ್ಲೈಡಿನಲ್ಲಿ ಕೊಕ್ಕೆಹುಳುವಿನ 2 ಮೊಟ್ಟೆ ಸಿಕ್ಕವು. ಗ್ರಾಂಗೆ 48. ಬಹಳ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಎರಡನೇ ಡೋಸ್ ಕೊಟ್ಟರು, ಅತ್ತೆಗೂ ಮಾತ್ರೆ ಆಯಿತು. ಆಮೇಲಿನ ಮಾದರಿಗಳಲ್ಲಿ ಏನೂ ಸಿಗಲಿಲ್ಲ.

ಉಬ್ಬಸಕ್ಕೆ ಸ್ಟೆರಾಯ್ಡ್ ಮಾತ್ರೆಯನ್ನು ಮೂರು ತಾಜಾ ಮಾದರಿಗಳ ರಿಪೋರ್ಟ್ ಬಂದ ಮೇಲೆಯೇ ಕೊಟ್ಟರು. ಐದು ದಿನಕ್ಕೆ ಹಿಡಿತಕ್ಕೆ ಬಂತು, ಈಗ ಇನ್‌ಹೇಲರ್ ಸಾಕಾಗಿದೆ. ಇಯೋಸಿನೊಫಿಲ್ 14ರಿಂದ 7ಕ್ಕೆ ಇಳಿದಿದೆ. ಉಳಿದದ್ದು ಉಬ್ಬಸದ್ದೇ ಇರಬೇಕು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.2 ಆಯಿತು. ಹಸಿ ಅಕ್ಕಿಯ ಆಸೆ ಅದಕ್ಕಿಂತ ಬಹಳ ಮೊದಲೇ ನಿಂತಿತ್ತು. ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಬೇಕಾದ್ದರಿಂದ ಮಾತ್ರೆಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳಿದ್ದಾರೆ. ಈ ಸಲದ ರಾಗಿ ಕೊಯ್ಲಿಗೆ ಇಬ್ಬರೂ ರಬ್ಬರ್ ಬೂಟು ಹಾಕಿಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದಾರೆ. ಊರಿನಿಂದ ಬಂದ ಎರಡು ತಿಂಗಳ ನಂತರ ಇಬ್ಬರ ಮಾದರಿಯನ್ನೂ ಮತ್ತೆ ನೋಡುತ್ತೇವೆ. ಹೊಸದಾಗಿ ಹೊಕ್ಕ ಕೊಕ್ಕೆಹುಳು ಬೆಳೆದು ಮೊಟ್ಟೆ ಇಡಲು ಅಷ್ಟು ಸಮಯ ಬೇಕು.